ಹಸನು

ಹನ್ನೊಂದು ವರ್ಷದ ಹಿಂದಿನ ನೋಟುಪುಸ್ತಕ
ನಲವತ್ತೇಳನೇ ಪುಟಕ್ಕೆ ನಿಂತಿದೆ.
ಕೊನೆಯ ಸಾಲಲ್ಲಿ ಪೆನ್ನು ಜಾರಿದ ಗೀಟು.
ಅವತ್ತು ಹಾಲು ಉಕ್ಕಿತೋ, ಕರೆಂಟು ಹೋಯಿತೋ,
ಯಾರಾದರೂ ಕೂಗಿದರೋ, ನೆನಪಿಲ್ಲ.
ದೊಡ್ಡ ಕಾರಣವೊಂದಿದ್ದಿದ್ದರೆ
ಹೇಳಿಕೊಳ್ಳಲಾದರೂ ಆಗುತ್ತಿತ್ತು.

ಈಗ ಮತ್ತೆ ಕೂತಿದ್ದೇನೆ
ಚಳ್ಳಕೆರೆಯ ಎಣ್ಣೆಮಿಲ್ಲಿನ ತೂಕದ ಕೋಣೆಯಲ್ಲಿ,
ರಸೀದಿ ಬುಕ್ಕಿನ ಪಕ್ಕ ಮಗಳ ಲ್ಯಾಪ್‌ಟಾಪು,
ಕೀಲಿಗಳ ಸಂದಿಯಲ್ಲಿ ಶೇಂಗಾ ಸಿಪ್ಪೆಯ ಕೆಂಪು ಧೂಳು.
ನಾನು ಬಿಟ್ಟಾಗ ಬೆಕ್ಕು ಯಾವುದು ನಾಯಿ ಯಾವುದು
ಅನ್ನುವುದೇ ಅದಕ್ಕೊಂದು ಸಾಹಸ.
ಈಗ ಮಾತಾಡುತ್ತದಂತೆ, ಎಲ್ಲ ಬಲ್ಲದಂತೆ.
ಅಂಬೆಗಾಲಲ್ಲಿ ಕಂಡ ಕೂಸು
ಮೀಸೆ ಹೊತ್ತು ಬಾಗಿಲು ತೆರೆದು
ಯಾರು ಬೇಕಿತ್ತು ಅಂದಂತೆ.

ಮಗ್ಗಿ ಮರೆತಿಲ್ಲ. ಮ್ಯಾಟ್ರಿಕ್ಸು ಗುಣಿಸುವಾಗ
ಅಡ್ಡಸಾಲು ಕಂಬಸಾಲು ಅದಲುಬದಲು.
ಆ ಬಾಲ ಬಾಗಿದ ಚಿಹ್ನೆ, ಅವಕಲನದ್ದು,
ಹೆಸರು ಬಾಯಿಗೆ ಬಾರದು.
ಮೊಳಕೆಯೊಡೆದ ಶೇಂಗಾ ಥರ ಇದೆ, ಅಷ್ಟು ಗೊತ್ತು.

ಅಂಗಳದಲ್ಲಿ ಸಣ್ಣಪಾಲಕ್ಕ ಬೀಜ ಹಸನು ಮಾಡುತ್ತಾಳೆ.
ಅವಳೇ ಈಗ ಮೇಷ್ಟ್ರು, ನನಗೂ ಯಂತ್ರಕ್ಕೂ.
ಒಂದೊಂದೇ ಎತ್ತುತ್ತಾಳೆ, ಫೋಟೋ ಹಿಡಿಯುತ್ತೇನೆ.
ಇದು? ಗಟ್ಟಿ.
ಇದು? ಜೊಳ್ಳು.
ಇದು? ಬೂಸ್ಲು, ಬಿಸಾಕವ್ವ.
ಎಂಟುನೂರಾಯಿತು. ಬೆನ್ನು ನೆಟ್ಟಗೆ ಮಾಡಿ ಕೇಳಿದಳು:
"ಇದು ಕಲ್ತ ಮ್ಯಾಲೆ ನನ್ನ ಕರೀತೀರೋ ಇಲ್ಲೋ?"
ಕ್ಯಾಮೆರಾದ ಗಾಜು ಒರೆಸಿದೆ, ಸೆರಗಿನಿಂದ,
ಒರೆಸಿದ್ದನ್ನೇ ಒರೆಸಿದೆ.

ರಾತ್ರಿ ಓಡಿಸಿದೆ.
ಸೊನ್ನೆ ಬಿಂದು ಆರು ಒಂಬತ್ತು:
ಕಣ್ಣು ಮುಚ್ಚಿ ಊಹಿಸುವವರ ತಪ್ಪು ಅಷ್ಟೇ ಇರುತ್ತದೆ.
ಬಿಂದು ನಾಲ್ಕು. ಬಿಂದು ಎರಡು.
ಬಿಂದು ಸೊನ್ನೆ ಮೂರು.
ಎದ್ದು ಒಂದು ಲೋಟ ನೀರು ಕುಡಿದೆ, ನಿಂತುಕೊಂಡೇ.

ಬೆಳಿಗ್ಗೆ ಒಂದು ಜೊಳ್ಳನ್ನು
ಪಾಲಕ್ಕನ ಅಂಗೈಯಲ್ಲಿಟ್ಟು ತೋರಿಸಿದೆ.
ಗಟ್ಟಿ, ಅಂತು.
ಕಲ್ಲಿನ ಚೂರು ಇಟ್ಟೆ. ಗಟ್ಟಿ.
ಏನೂ ಇಡಲಿಲ್ಲ. ಬರೀ ಕೈ.
ಗಟ್ಟಿ.

ಒಳ್ಳೇ ಬೀಜವನ್ನೆಲ್ಲ ಅಂಗೈಯಲ್ಲಿ ಹಿಡಿದಿದ್ದಳು,
ಕೆಟ್ಟದ್ದನ್ನು ಮೊರದ ಅಂಚಿಗೆ ಸರಿಸಿ.
ಯಂತ್ರ ಬೀಜ ನೋಡೇ ಇಲ್ಲ,
ಕೈ ನೋಡಿದೆ.

ಪಾಲಕ್ಕನಿಗೆ ಎಲೆಯಡಿಕೆ ಚೆಲ್ಲುವಷ್ಟು ನಗು.
"ನಾನೂ ಮದ್ಲು ಹಿಂಗೇ ಕಣವ್ವ.
ನಮ್ಮತ್ತೆ ಕೈ ನೋಡ್ತಿದ್ದೆ, ಬೀಜ ನೋಡ್ತಿರಲಿಲ್ಲ.
ಎಲ್ಡು ಸುಗ್ಗಿ ಬೈಸ್ಕಂಡೆ."

ನಾಳೆಯಿಂದ ಎಲ್ಲ ಕರೀ ಬಟ್ಟೆಯ ಮೇಲೆ,
ಎಂಟುನೂರೂ ಮೊದಲಿಂದ.
ಲಾರಿ ಹಾರನ್ನು ಹೊಡೆಯುತ್ತಿದೆ, ತೂಕಕ್ಕೆ ಬಂದಿದೆ.
ಪುಸ್ತಕ ಮುಚ್ಚುವ ಮುಂಚೆ
ಹೊಸ ಪುಟದ ಮೂಲೆಯಲ್ಲಿ ನಲವತ್ತೆಂಟು ಅಂತ ಬರೆದೆ.
ಅಷ್ಟೇ ಬರೆದೆ.