ಕಪ್ಪಾ

ಉದ್ಯಮಬಾಗದಲ್ಲಿ ಎರಕದ ಭಟ್ಟಿಯ ಮೇಲಿನ ಮಾಳಿಗೆ ನಮ್ಮ ಲ್ಯಾಬು.
ಹಗಲೆಲ್ಲ ಕೆಳಗೆ ಸುತ್ತಿಗೆ, ಮೇಲೆ ಸೂಜಿ ಕುಣಿಯುತ್ತದೆ.
ಅದಕ್ಕೇ ಅಳತೆಯೆಲ್ಲ ರಾತ್ರಿ,
ಅವರು ಬರೀ ಕರಗಿಸುವ ಹೊತ್ತಿಗೆ.

ನಾಲ್ಕು ಸೂಜಿಯ ಕೆಳಗೆ ಒಂದು ಟ್ರಾನ್ಸಿಸ್ಟರು,
ಧೂಳೆಂದು ಊದಿಬಿಡಬಹುದಾದಷ್ಟು.
ವೋಲ್ಟೇಜು ಏರಿದಂತೆ ಪರದೆಯ ಮೇಲೆ ಗೆರೆ ಏಳುತ್ತದೆ,
ಏಳುತ್ತ ಏಳುತ್ತ ದಣಿದು ಅಡ್ಡಾಗುತ್ತದೆ.
ಪೂರ್ತಿ ಅಡ್ಡಾಗುವುದಿಲ್ಲ.
ಅದೇ ತಕರಾರು.

ಹುಲಗಬಾಳಿ ಮೇಡಂ ಕೊಟ್ಟ ಪಟ್ಟಿಯಲ್ಲಿ ಎರಡು ಕಾಲಮ್ಮು.
ಎಡಕ್ಕೆ ಆಕ್ಸೈಡಿನ ದಪ್ಪ, ಬೆರೆಸಿದ ಬೋರಾನಿನ ಲೆಕ್ಕ,
ಎಲೆಕ್ಟ್ರಾನಿನ ನಡಿಗೆಯ ಚುರುಕು.
"ಇವು ಆ ಚೂರಿನೊಳಗ ಖರೇನ ಅದಾವ. ಕೊಯ್ದು ನೋಡಿದರ ಸಿಗತಾವ."
ಬಲಕ್ಕೆ ಥೀಟಾ, ಈಟಾ, ಕಪ್ಪಾ.
"ಇವು ಎಲ್ಲೂ ಇಲ್ಲ. ಗೆರಿ ಕೂಡಲಿ ಅಂತ ನಾವ ಇಟ್ಟದ್ದು."

ಕಪ್ಪಾ!
ಕಪ್ಪ ಕೇಳಿದವನ ಮೇಲೆ ಕತ್ತಿ ಹಿರಿದ ಸೀಮೆ ಇದು,
ಕಿತ್ತೂರು ಇಲ್ಲಿಂದ ಬಸ್ಸಿಗೆ ಒಂದು ತಾಸು.
ನಾನು ಬೈಲಹೊಂಗಲದವಳು. ಕೊಡೋದಿಲ್ಲ ಅಂದೆ.
ಎಡಗಡೆಯವರನ್ನಷ್ಟೇ ನಂಬಿ ಮೂರು ರಾತ್ರಿ ಕೂತೆ.
ಅಳೆದ ಗೆರೆ ಮೇಲೆ, ಲೆಕ್ಕದ ಗೆರೆ ಕೆಳಗೆ,
ನಡುವೆ ಮಾತು ಬಿಟ್ಟ ನೆಗೆಣ್ಣಿಯರಷ್ಟು ಸಂದು.

ನಾಲ್ಕನೇ ರಾತ್ರಿ ಚಹಾಕ್ಕೆ ಇಳಿದಾಗ
ಭರಮಾ ಕಾಕಾ ಭಟ್ಟಿಯ ಬಾಯಲ್ಲಿದ್ದ.
ಗೋಡೆಗೆ ಚೀಟಿ: ಇಂಗಾಲ ಇಷ್ಟು, ಸಿಲಿಕಾನ್ ಇಷ್ಟು
(ಅವನೂ ಸಿಲಿಕಾನಿನವನೇ, ನನ್ನ ಹಾಗೆ).
ಎಲ್ಲ ತೂಗಿ ಹಾಕಿದ. ಆಮೇಲೆ ಕರಗಿದ್ದರ ಬಣ್ಣ ನೋಡಿ
ಚೀಟಿಯಲ್ಲಿಲ್ಲದ ಒಂದು ಹಿಡಿ.
ಯಾಕ ಕಾಕಾ?
"ಮಳಿ ಹಸಿ ಐತಿ. ಉಸುಕು ತಂಪ ಹಿಡದೈತಿ."
ಒಂದು ಹಿಡಿ ಅಂದ್ರ ಎಷ್ಟು?
ಕೈ ತೋರಿಸಿದ. ಎರಡು ಬೆರಳಿಲ್ಲದ ಕೈ.
"ಇದರಾಗ ಹಿಡಿಯೂವಷ್ಟು. ನಿನ್ನ ಕೈಲೆ ಹಾಕಿದರ ಕೆಡತೈತಿ."

ಮೇಲೆ ಬಂದು ಕಪ್ಪ ಕೊಟ್ಟೆ, ಚೂರು ಚೂರೇ.
ಲೆಕ್ಕದ ಗೆರೆಯ ತುದಿ ಎದ್ದಿತು.
ನೆಗೆಣ್ಣಿಯರು ಒಂದೇ ಚಾಪೆಗೆ ಬಂದರು.

ಆ ಹುರುಪಿನಲ್ಲಿ ತಪ್ಪಿದೆ.
ಎಡ ಬಲ ಅನ್ನದೆ ಎಲ್ಲವನ್ನೂ ಕಂಪ್ಯೂಟರಿಗೆ ಬಿಟ್ಟೆ,
ನೀನೇ ಹೊಂದಿಸು ಅಂದೆ, ಮೇಜಿಗೆ ತಲೆಯಿಟ್ಟೆ.
ಬೆಳಗಿನ ಹೊತ್ತಿಗೆ ತಪ್ಪು ಅರ್ಧ ಪರ್ಸೆಂಟು!
ಆದರೆ ಆಕ್ಸೈಡು,
ಇಪ್ಪತ್ತು ನ್ಯಾನೋಮೀಟರು ಅಂತ ಮಾಡಿದವರೇ ಬರೆದುಕೊಟ್ಟದ್ದು,
ಹದಿಮೂರಕ್ಕೆ ಇಳಿದಿತ್ತು.
ಯಾರೂ ಕೆರೆದಿಲ್ಲ. ಚೂರು ಸೂಜಿಯ ಕೆಳಗೇ ಇದೆ.
ಬಾಗಿಲ ಮೇಲೆ ಹೆಸರು ಹಾಗೇ ಇದೆ,
ಒಳಗಿನ ಮನುಷ್ಯ ಎದ್ದು ಹೋಗಿದ್ದಾನೆ.

ಥೀಟಾ, ಈಟಾ, ಕಪ್ಪಾ ಸುಳ್ಳು ಹೇಳಿರಲಿಲ್ಲ,
ಅವು ಏನನ್ನೂ ಹೇಳಿರಲೇ ಇಲ್ಲ.
ಸುಳ್ಳು ಹೇಳಿದ್ದು ಪದವಿ ಇದ್ದವರು.

ಅನುಮಾನಕ್ಕೆ ಹೀಟರು ಹಚ್ಚಿ ಎಂಬತ್ತೈದಕ್ಕೆ ಏರಿಸಿದೆ.
ಅಳೆದ ಗೆರೆ ತುಸು ಬಾಗಿತು, ಬಿಸಿಲಿಗೆ ಯಾರಾದರೂ ಬಾಗುವಷ್ಟು.
ಲೆಕ್ಕದ ಗೆರೆ ಸೊನ್ನೆ ದಾಟಿ ಕೆಳಗಿಳಿಯಿತು.
ಕರೆಂಟು ಹಿಂದಕ್ಕೆ ಹರಿಯಿತು,
ಸಾಲ ಕೊಟ್ಟವನೇ ಬಡ್ಡಿ ಕಟ್ಟಿದ ಹಾಗೆ.

ಮೇಡಂ ಬಂದರು, ಕನ್ನಡಕ ಒರೆಸಿಕೊಂಡು ನೋಡಿದರು.
"ಗೆರಿ ಕೂಡ್ಯಾವ ಬಿಡು.
ಟ್ರಾನ್ಸಿಸ್ಟರು ಎಲ್ಲಿ ಹೋತು?"

ಆಕ್ಸೈಡನ್ನು ಇಪ್ಪತ್ತಕ್ಕೆ ಮರಳಿಸಿ ಬೀಗ ಹಾಕಿದೆ.
ಬೋರಾನಿಗೂ ಹಾಕಿದೆ.
ಬಲಗಡೆಯವರನ್ನು ಮಾತ್ರ ಬಿಚ್ಚಿಟ್ಟೆ.
ತಪ್ಪು ಮೂರು ಪರ್ಸೆಂಟಿಗೆ ನಿಂತಿತು. ಇರಲಿ.
ಕಪ್ಪಾದ ಮುಂದೆ ಬರೆದೆ:
ಈ ಚೂರಿಗೆ, ಇಪ್ಪತ್ತೈದರಿಂದ ಎಂಬತ್ತೈದರವರೆಗೆ,
ಐದು ವೋಲ್ಟಿನೊಳಗೆ. ಆಚೆಗೆ ಗೊತ್ತಿಲ್ಲ.

ಕೆಳಗೆ ಭಟ್ಟಿ ಬಾಗಿಸಿದರು, ಅಂಗಾಲು ಬೆಚ್ಚಗಾಯಿತು.
ಯಾರ ಕೈಯ ಹಿಡಿ ಅಂತ ಬರೆಯಲು
ಪಟ್ಟಿಯಲ್ಲಿ ಕಾಲಮ್ಮು ಇರಲಿಲ್ಲ.
ಅಂಚಿನಲ್ಲಿ ನನ್ನ ಹೆಸರು ಬರೆದೆ,
ಪೆನ್ಸಿಲಿನಲ್ಲಿ.