ರಾತ್ರಿ ಲೆಕ್ಕದ ಮೇಜು

ಐದನೆಯ ಅಂತಸ್ತು, ಲಿಫ್ಟಿನ ಎಡಕ್ಕೆ,
ಪ್ಲಾಸ್ಟಿಕ್ ಹೂಕುಂಡದ ಹಿಂದೆ ನನ್ನ ಮೇಜು.
ಇಲ್ಲಿ ನಾನು ರಾತ್ರಿಗಳನ್ನು ಎಣಿಸುತ್ತೇನೆ.
ನೂರಕ್ಕೆ ತಾಮ್ರ, ಮುನ್ನೂರಕ್ಕೆ ಬೆಳ್ಳಿ,
ಎಂಟುನೂರು ರಾತ್ರಿ ನೀರಿನ ಮೇಲೆ ಮಲಗಿದವರಿಗೆ
ನೀಲಮಣಿ:
ಮಣಿಯೇನಲ್ಲ, ಬಣ್ಣದ ಗಾಜು, ಹಿಂದೊಂದು ಸೂಜಿ.

ಸೌತಾಂಪ್ಟನ್ನಿನ ಕ್ರೇನುಗಳು ಇನ್ನೂ ಕಾಣುತ್ತಿರುವಾಗಲೇ
ಬಂದುಬಿಡುತ್ತಾರೆ ಮಿಸ್ಟರ್ ಟ್ರೆಸಿಲಿಯನ್,
ಕೋಟಿನ ಮಡಿಕೆಯಲ್ಲಿ ನೀಲಿ.
"ಒಂದು ಸಾವಿರದ ನಲವತ್ತೊಂದು" ಅನ್ನುತ್ತಾರೆ,
ಗುಡ್ ಮಾರ್ನಿಂಗಿನ ಬದಲು.
ಅವರ ಹಿಂದೆ ಮಿಸೆಸ್ ಓಲ್ಡರ್‌ಶಾ, ತಂಗಿ ಸಮೇತ.
ತಂಗಿಯದು ಬರೀ ಬೆಳ್ಳಿ,
ಅದಕ್ಕೇ ಎರಡು ಹೆಜ್ಜೆ ಹಿಂದೆ.

ಈಗೀಗ ಯಾರ್ಯಾರೋ ಹತ್ತುತ್ತಾರಂತೆ ಹಡಗು,
ಊಟಕ್ಕೆ ಚಡ್ಡಿಯಲ್ಲಿ ಬರುತ್ತಾರಂತೆ.
ಮೇಲಿನ ದೊಡ್ಡ ಕೋಣೆಯವರನ್ನು ಕಂಡರಂತೂ ಮೂಗು ಮುರಿತ:
"ಅವರದು ದುಡ್ಡು ಕೊಟ್ಟು ಕೊಂಡದ್ದು.
ನಮ್ಮದು ಗಳಿಸಿದ್ದು."
ಹೌದು ಮೇಡಂ, ಅನ್ನುತ್ತೇನೆ,
ಮಲಗಿ ಮಲಗಿ ಗಳಿಸಿದ್ದು, ಅನ್ನುವುದಿಲ್ಲ.

ಗೈರಾಂಗರಿನಲ್ಲಿ ದಡಕ್ಕೆ ದೋಣಿ ಬಿಡುವಾಗ
ಎಲೆ ಹಾಕದೆಯೇ ಪಂಕ್ತಿಭೇದ:
ಮೊದಲು ನೀಲಿ, ಆಮೇಲೆ ಬೆಳ್ಳಿ,
ಆಮೇಲೆ ಮಕ್ಕಳೊಂದಿಗರು, ಹೊಸಬರು, ಚಡ್ಡಿಯವರು.
ಹತ್ತು ನಿಮಿಷ ಮುಂಚೆ ಇಳಿದವರಿಗೆ
ಹತ್ತು ನಿಮಿಷ ಮುಂಚೆ ಸಿಕ್ಕಿತು ಅದೇ ಮಳೆ.

ಆ ಸಂಜೆ ಮಿಸೆಸ್ ಕ್ಲೆಗ್ ಬಂದರು,
ಒದ್ದೆ ಛತ್ರಿ, ಕಂಕುಳಲ್ಲಿ ಕಾಗದದ ಕಟ್ಟು.
ಹೋದ ವರ್ಷ ಇದೇ ಹಡಗು, ಇದೇ ದಾರಿ.
ಮೂರನೆಯ ರಾತ್ರಿ ಕಳೆದು ಬೆಳಗಿನ ಚಹಾ ತಣ್ಣಗಾಗುವಾಗ
ಹೊರೇಸ್ ಏಳಲಿಲ್ಲ.
ಅಂದಿಗೆ ಅವರ ಲೆಕ್ಕ ಏಳುನೂರ ತೊಂಬತ್ತೇಳು.
ಉಳಿದ ನಾಲ್ಕು ರಾತ್ರಿ
ಕೆಳಗೆ, ಮದುವೆ ಹೂಗಳನ್ನಿಡುವ ಶೀತಲ ಕೋಣೆಯ ಪಕ್ಕದಲ್ಲಿ.

"ಅವು ಲೆಕ್ಕಕ್ಕೆ ಬರಬೇಕು" ಅಂದರು ಆಕೆ.
"ಟಿಕೆಟ್ಟು ಏಳು ರಾತ್ರಿಯದು. ಅವರು ಇಳಿದಿಲ್ಲ.
ರಾಚ್‌ಡೇಲಿನಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು.
ನಿದ್ದೆ ಹೋದವನೂ ಪ್ರಯಾಣಿಕನೇ ಅನ್ನುತ್ತಿದ್ದರು,
ಕೊನೆಯ ಸ್ಟಾಪಿನ ತನಕ."

ಸುಂಕದವನ ಮುಂದೆ ಸುಖದುಃಖ.
ನಾನು ನಿಯಮದ ಪುಸ್ತಕ ತೆರೆದೆ.
ಎರಡು ವರ್ಷದೊಳಗಿನ ಕೂಸಿಗೆ ನಿಯಮವಿದೆ,
ಬಿರುಗಾಳಿಗೆ ಇದೆ, ಕೆಟ್ಟ ಎಂಜಿನ್ನಿಗೆ ಇದೆ.
ಇದಕ್ಕೆ ಇರಲಿಲ್ಲ.
ಇಲೋಯಿಲೋದಿಂದ ಹೊರಟು ಹನ್ನೊಂದು ವರ್ಷ,
ನನ್ನ ರಾತ್ರಿಗಳನ್ನು ಪಾಳಿ ಅನ್ನುತ್ತಾರೆ,
ಅವನ್ನು ಯಾವ ಮೇಜಿಗೆ ಒಯ್ಯಲಿ ಎಂದು ನಾನೂ ಕೇಳಿಲ್ಲ.
ನಾಲ್ಕು, ಎಂದು ಒತ್ತಿದೆ.
ಯಂತ್ರ ಮರುಪ್ರಶ್ನೆ ಹಾಕಲಿಲ್ಲ:
ಎಂಟುನೂರ ಒಂದು.

ಆಕೆ ಪಿನ್ನು ಚುಚ್ಚಿಕೊಳ್ಳಲಿಲ್ಲ, ಡಬ್ಬಿಯಲ್ಲೇ ಇಟ್ಟುಕೊಂಡು
ನೀಲಿಯವರ ಕೋಣೆಗೆ ಹೋದರು.
ಎರಡು ಶೆರ್ರಿ ಕೇಳಿದರು, ಬಿಟ್ಟಿಯದು.
ಒಂದನ್ನು ಕುಡಿದರು.
ಇನ್ನೊಂದರ ಮುಂದೆ ಡಬ್ಬಿ ತೆರೆದಿಟ್ಟು
ಕಿಟಕಿಯಾಚೆ ನೋಡುತ್ತ ಕೂತರು, ಕತ್ತಲಾಗದ ಆ ರಾತ್ರಿಯಲ್ಲಿ.

ಸುದ್ದಿ ಹರಡಿತು. ಮಿಸೆಸ್ ಓಲ್ಡರ್‌ಶಾ ದೂರು ಬರೆದರು,
ಎರಡು ಹಾಳೆ, ತಂಗಿಯ ಕೈಬರಹದಲ್ಲಿ.
ಸತ್ತವರನ್ನೂ ಸೇರಿಸಿದರೆ ನೀಲಿಗೆ ಬೆಲೆಯೇನು ಉಳಿಯಿತು ಎಂದು.

ಕೊನೆಯ ಬೆಳಗ್ಗೆ ಮಿಸ್ಟರ್ ಟ್ರೆಸಿಲಿಯನ್ ಬಂದರು.
ಸಂಖ್ಯೆ ಹೇಳಲಿಲ್ಲ.
ಪ್ಲಾಸ್ಟಿಕ್ ಹೂವನ್ನು ಸರಿಪಡಿಸಿದರು,
ಅತ್ತಿತ್ತ ನೋಡಿ ದನಿ ಇಳಿಸಿದರು:
"ಆ ಕೆಳಗಿನ ಕೋಣೆ...
ಅಲ್ಲಿ ನಮಗೆ, ನೀಲಿಯವರಿಗೆ,
ಬೇರೆ ಜಾಗವೇನಾದರೂ..."

"ಮೂರು ಹಲಗೆ ಇವೆ, ಸರ್.
ಬಂದವರು ಬಂದ ಹಾಗೆ."

ಅವರು ತಲೆಯಾಡಿಸಿದರು. ಕೋಟಿನ ಮಡಿಕೆ ಮುಟ್ಟಿಕೊಂಡರು.
"ಒಂದು ಸಾವಿರದ ನಲವತ್ತೆಂಟು" ಅಂದರು, ಸಣ್ಣಗೆ.
ನಲವತ್ತೆಂಟು, ಸರ್, ಅಂದೆ.
ಬರೆದುಕೊಂಡೆ.