ಎಡಗಡೆಯ ಹಿಂಬಾಗಿಲು

ಗುತ್ತಲು ರಸ್ತೆಯ ತಿರುವಿನಲ್ಲಿ
ನನ್ನ ಆಲ್ಟೊಗೆ ಮೈ ಒರೆಸಿಕೊಂಡು ಹೋಯಿತು
ಕಬ್ಬು ತುಂಬಿದ ಟ್ರ್ಯಾಕ್ಟರು.
ಹೊರಚಾಚಿದ ಜಲ್ಲೆಗಳು ಎಳೆದದ್ದು ಐದು ಗೀಟು,
ಮೂರು ಬಣ್ಣದವರೆಗೆ, ಎರಡು ತಗಡಿನವರೆಗೆ.
ಓಡಿಸುವವನು ತಿರುಗಿಯೂ ನೋಡಲಿಲ್ಲ.
ನೋಡಿದ್ದರೆ ತಾನೆ ಏನು ಕೊಡುತ್ತಿದ್ದ,
ಒಂದು ಜಲ್ಲೆ.

ಮುಕ್ತಿಯಾರ್ ಭಾಯಿ ಗೀಟುಗಳ ಮೇಲೆ ಬೆರಳಾಡಿಸಿ
"ನಾಲ್ಕೂವರೆ ಆಯ್ತದೆ ಮೇಡಂ, ಈ ಒಂದು ಡೋರಿಗೆ" ಅಂದ.
ಖಜಾನೆಯಲ್ಲಿ ಇಪ್ಪತ್ತೆರಡು ವರ್ಷ
ಕಂಡವರ ಬಿಲ್ಲಿನ ಮೇಲೆ ಕೆಂಪು ಶಾಯಿ ಹರಿಸಿದವಳು ನಾನು,
ವೋಚರಿಲ್ಲದ ಮಾತಿಗೆ ಸಾವಿರಗಟ್ಟಲೆ ಬಿಡುವವಳೇ?
ವಿವರ ಕೊಡಿ ಅಂದೆ.
"ವಿವರ ಎಲ್ಲಾ ಕೈಯಾಗೆ ಐತೆ" ಅಂತ ನಕ್ಕ.
ಮನಸ್ಸಿನಲ್ಲೇ ಆಕ್ಷೇಪಣೆ ಬರೆದು ಎದ್ದು ಬಂದೆ.

ಶನಿವಾರ ನೂರಡಿ ರಸ್ತೆಯ ಅಂಗಡಿಯಲ್ಲಿ
ಸಿಲ್ವರ್ ಡಬ್ಬಿ ಎರಡಕ್ಕೆ ಒಂಬೈನೂರ ಅರವತ್ತು,
ಪ್ರೈಮರ್, ಪುಟ್ಟಿ, ಹೊಳಪಿಗೆ ಲ್ಯಾಕರ್,
ಒರಟಿನಿಂದ ನಯಕ್ಕೆ ಇಳಿಯುವ ಉಪ್ಪುಕಾಗದ, ಟೇಪು,
ಕೂಡಿದರೆ ಎರಡು ಸಾವಿರದ ನಲವತ್ತು.
ಉಳಿತಾಯ ಎರಡು ಸಾವಿರದ ನಾನೂರ ಅರವತ್ತು.
ಹಳೇ ಪೇಪರು ಮನೆಯದೇ.
ಭಾನುವಾರವೂ ಮನೆಯದೇ.

ನೀರು ಚಿಮುಕಿಸಿ ತಿಕ್ಕಿದೆ, ತಿಕ್ಕಿದೆ,
ಬೆಳಗಿನ ರಂಗೋಲಿಯ ಮೇಲೆ ಬೂದುಹಾಲು ಹರಿಯಿತು.
ಪುಟ್ಟಿ ಮೆತ್ತುವಾಗ ಕಾಂಪೌಂಡಿನಾಚೆ ಸಾಕಮ್ಮ,
"ಏನವ್ವಾ, ಕಾರಿಗೆ ಅರಿಸಿಣ ಹಚ್ತಾ ಇದ್ದೀಯಾ?"
ಹೌದು ಕಣಮ್ಮ, ನಾಳೆ ಧಾರೆ ಅಂದೆ.
ಕಿಟಕಿಗೆ ಪೇಪರು ಕಟ್ಟಿ ಡಬ್ಬಿ ಕುಲುಕಿದರೆ
ಒಳಗೊಂದು ಗೋಲಿ, ಗಿಲಗಿಲ.
ಮೊದಲ ಸುತ್ತಿಗೆ ಬರೀ ಮಂಜು.
ಎರಡನೆಯದಕ್ಕೆ ಬೆಳ್ಳಿ!
ಮೂರನೆಯದಕ್ಕೆ ಆಸೆಬುರುಕಿ ನಾನು ಹತ್ತಿರ ಹೋದೆ,
ಅಂಚಿನಲ್ಲಿ ಒಂದು ಹನಿ ಜಾರಿ, ನಿಂತು, ದಪ್ಪಗಾಯಿತು.

ಆಗ ಸಕ್ಕರೆ ಕಾರ್ಖಾನೆ ಉಸಿರು ಬಿಟ್ಟಿತು.
ಸಿಪ್ಪೆ ಸುಟ್ಟ ಕರಿ ನಮ್ಮ ಬೀದಿಗೆ ಹೊಸದಲ್ಲ,
ಒಣಹಾಕಿದ ಸೀರೆ, ಸಂಡಿಗೆ, ತಲೆಗೂದಲು,
ಎಲ್ಲದರ ಮೇಲೂ ಇಳಿಯುತ್ತದೆ, ಕೊಡವಿಕೊಳ್ಳುತ್ತೇವೆ.
ಹಸಿ ಬೆಳ್ಳಿಯನ್ನು ಕೊಡವುವುದು ಹೇಗೆ?
ಗೀಚಿದ್ದೂ ಕಬ್ಬು.
ಗೀಚಿದ್ದನ್ನು ಮುಚ್ಚಿದರೆ
ಮೇಲೆ ಬಂದು ಕೂತದ್ದೂ ಕಬ್ಬೇ.

ಸಂಜೆ ಬಿಸಿಲಿಗೆ ಇನ್ನೊಂದು ತೋರಿತು:
ಡಬ್ಬಿಯಲ್ಲಿದ್ದದ್ದು ಕಾರು ಹುಟ್ಟಿದ ದಿನದ ಬಣ್ಣ.
ಹದಿಮೂರು ಬೇಸಿಗೆ ಕುಡಿದ ಬೆಳ್ಳಿಯನ್ನು
ಯಾವ ಕಂಪನಿಯೂ ಡಬ್ಬಿಗೆ ತುಂಬಿಲ್ಲ.
ರಾತ್ರಿ ಮೂಗು ಸೀನಿದರೆ ಕರವಸ್ತ್ರವೂ ಸಿಲ್ವರ್.
ಎರಡು ದಿನ ಕೆಮ್ಮು, ಒಂದು ಬಾಗಿಲಿಗೆ.
ಭಾಯಿಗೆ ದಿನಕ್ಕೆ ಎಷ್ಟು ಬಾಗಿಲೋ,
ಮೂಗಿಗೆ ಅದೇ ಒಂದು ಚೌಕಳಿ ಟವೆಲ್ಲು.

ಮಂಗಳವಾರ ಅವನು ಕಣ್ಣು ಮುಚ್ಚಿ ಹೆಬ್ಬೆರಳಿಟ್ಟ.
"ಯಾರು ಮಾಡಿದ್ದು?"
ಇಲಾಖಾ ವಿಚಾರಣೆಯ ದನಿಯಲ್ಲಿ ಒಪ್ಪಿಕೊಂಡೆ.
"ಪುಟ್ಟಿ ಚೆಂದಾಗಿ ತಿಕ್ಕಿದೀರ. ಬಣ್ಣ ಮಾತ್ರ ಕೀಳ್ಬೇಕು.
ಕೀಳೋಕೆ ಎಂಟುನೂರು ಜಾಸ್ತಿ,
ಪುಟ್ಟಿದು ಮುನ್ನೂರು ಮುರ್ಕೊಳ್ಳಿ."
ಐದು ಸಾವಿರ. ನನ್ನದೂ ಸೇರಿದರೆ ಏಳು ಸಾವಿರದ ನಲವತ್ತು.
ಬಾಯಿ ತೆರೆಯದೆ ಸ್ಟೂಲಿನ ಮೇಲೆ ಕೂತೆ.

ಹಳೇ ಹಾರ್ಲಿಕ್ಸ್ ಬಾಟಲಿಗೆ ಬೆಳ್ಳಿ ಸುರಿದ,
ಕಡ್ಡಿಯಲ್ಲಿ ಒಂದು ಹನಿ ಕಪ್ಪು ಬಿಟ್ಟ,
ಪೆಟ್ರೋಲ್ ಮುಚ್ಚಳದ ಪಕ್ಕ ಹಿಡಿದು ನೋಡಿದ, ಗೊಣಗಿದ,
ಆಮೇಲೆ ಅರೆ ಹನಿ ಹಳದಿ.
ಹಳದಿ ಯಾಕೆ ಭಾಯಿ?
"ಬಿಸಿಲಿಗೆ."
ಅಷ್ಟೇ ವಿವರ. ಪಾಸು ಮಾಡಿದೆ.

ಈಗ ಯಾರೂ ಗುರುತು ಹಿಡಿಯಲಾರರು ಆ ಬಾಗಿಲನ್ನು.
ತೆರೆದರೆ ಮಾತ್ರ, ಒಳ ಅಂಚಿನಲ್ಲಿ,
ನಾನು ಸುರಿಸಿದ ಹನಿ ಹಾಗೇ ಇದೆ.
ಬೇಕೆಂದೇ ಬಿಟ್ಟನೋ, ಕೈತಪ್ಪಿತೋ, ಕೇಳಿಲ್ಲ.
ಅದರ ಹೊಟ್ಟೆಯಲ್ಲಿ
ಸಾಸಿವೆಗಿಂತ ಸಣ್ಣದೊಂದು ಕರಿ.